ಕಯಾಕಿನ ಗಾಳಕ್ಕೆ ಎಂತಹ ದಾರ?

ದಾರವೊಂದನ್ನು ಆರಿಸುವಾಗ ಅದು ಎಷ್ಟು ಭಾರವನ್ನು ತಡೆಯಬಲ್ಲದು ಎಂದಷ್ಟೇ ನಾವು ಸಾಮಾನ್ಯವಾಗಿ ವಿಚಾರಿಸುತ್ತೇವೆ. ಆದರೆ ಹಿಗ್ಗುವಿಕೆ, ಸಾಂದ್ರತೆ, ಘರ್ಷಣೆ, ಬೆಳಕಿನ ವಕ್ರೀಭವನ ಇವೆಲ್ಲವೂ ದಾರದ ಯೋಗ್ಯತೆಯನ್ನು ನಿರ್ಧರಿಸುವ ಸಂದರ್ಭಗಳುಂಟು. ಕಡಲಿನ ಮೇಲೆ ಪುಟ್ಟ ಕಯಾಕ್ ದೋಣಿಯಲ್ಲಿ ಕುಳಿತು ಗಾಳ ಹಾಕುವವನ ದಾರವು ಇದಕ್ಕೆ ಒಳ್ಳೆಯ ನಿದರ್ಶನ.

ಕಯಾಕ್ ಮೂಲತಃ ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಮೊದಲಾದ ಜನರು ಬೇಟೆಗಾಗಿ ನಿರ್ಮಿಸಿದ, ಸೀಲ್ ಪ್ರಾಣಿಯ ತೊಗಲನ್ನು ಹೊದಿಸಿದ ದೋಣಿ. ಇಂದು ಪ್ಲಾಸ್ಟಿಕ್ಕಿನ ಕಯಾಕುಗಳಲ್ಲಿ ಹವ್ಯಾಸಿಗಳು ಮೀನು ಹಿಡಿಯುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಯಾನ್ ಡೀಗೊ ನಗರದ ಲ ಹೋಯ ಕರಾವಳಿ ಇದಕ್ಕೆ ಹೆಸರಾದುದು. ಅಲ್ಲಿ ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡುಗಳಿವೆ. ಅವುಗಳ ಅಂಚಿನಲ್ಲಿ ಸಂಚರಿಸುವ ಯೆಲ್ಲೊಟೇಲ್ ಎಂಬ ಬಲಶಾಲಿಯಾದ ಮೀನು ಗಾಳಕ್ಕೆ ಸಿಕ್ಕೊಡನೆ ಪಾಚಿಯೊಳಕ್ಕೋ ಬಂಡೆಯ ಸಂದಿಗೋ ನುಗ್ಗಲೆತ್ನಿಸುತ್ತದೆ. ಅದನ್ನು ತಡೆಯಬಲ್ಲ ದಾರ ಯಾವುದು?

ಹೆಣೆದ ದಾರ

ಪಾಲಿಎಥಿಲೀನ್ ನಮಗೆಲ್ಲ ಪರಿಚಿತವಾದ ವಸ್ತು. ತೆಳುವಾದ ಚೀಲಗಳನ್ನು ಅದರಿಂದಲೇ ಮಾಡುತ್ತಾರೆ. ಅದರ ಅಣುಗಳು ಉದ್ದವಾದ ಸರಪಣಿಗಳಂತಿದ್ದು, ಚೀಲದಲ್ಲಿ ಒಂದರೊಡನೊಂದು ಸಿಕ್ಕು ಬಿದ್ದಿರುತ್ತವೆ. 1970ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್ ದೇಶದ ಡಿಎಸ್‌ಎಂ ಸಂಸ್ಥೆಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಎಂಬವರು ಅತಿ ಉದ್ದದ ಸರಪಣಿಗಳನ್ನು ದ್ರಾವಕದಲ್ಲಿ ಕರಗಿಸಿ, ನೂಲಾಗಿ ಎಳೆದು, ಸರಪಣಿಗಳೆಲ್ಲ ನೂಲಿನ ಉದ್ದಕ್ಕೂ ಒಂದೇ ದಿಕ್ಕಿಗೆ ನಿಲ್ಲುವಂತೆ ಮಾಡಿದರು. ಸಿಕ್ಕು ಬಿಡಿಸಿದ ಕೂದಲು ಜಡೆಯಾದಂತೆ ದುರ್ಬಲ ವಸ್ತುವೇ ಬಲಿಷ್ಠವಾಯಿತು. ಇಂತಹ ನೂಲುಗಳನ್ನು ಹೆಣೆದು ಗಾಳದ ದಾರವನ್ನು ತಯಾರಿಸುತ್ತಾರೆ.

ಇದರಿಂದ ಎರಡು ಲಾಭಗಳುಂಟು. ಮೊದಲನೆಯದು ತೆಳುತನ. 50 ಪೌಂಡು, ಅಂದರೆ ಸುಮಾರು 22.7 ಕಿಲೋಗ್ರಾಂ ಭಾರ ತಡೆಯುವ ನೈಲಾನ್ ದಾರದ ವ್ಯಾಸ ಸುಮಾರು 0.71 ಮಿಲಿಮೀಟರ್, ಹೆಣೆದ ದಾರದ್ದು 0.36. ವ್ಯಾಸ ಅರ್ಧವಾದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲುಭಾಗವಾಗುತ್ತದೆ. ಆದುದರಿಂದ 100 ಮೀಟರ್ ನೈಲಾನ್ ಹಿಡಿಸುವ ರೀಲಿನಲ್ಲಿ ಸುಮಾರು 400 ಮೀಟರ್ ಹೆಣೆದ ದಾರ ಹಿಡಿಸುತ್ತದೆ. ಕಯಾಕಿನಲ್ಲಿ ಚಿಕ್ಕ ರೀಲೇ ಸಾಕಾಗುವುದು ಈ ಕಾರಣದಿಂದಲೇ.

ಎರಡನೆಯದು ಹಿಗ್ಗದಿರುವಿಕೆ. ನೈಲಾನ್ ತುಂಡಾಗುವ ಮುನ್ನ ನೂರಕ್ಕೆ 20ರಷ್ಟಾದರೂ ಹಿಗ್ಗಬಲ್ಲದು. ಹೆಣೆದ ದಾರ 3ರಿಂದ 5ರಷ್ಟು ಮಾತ್ರ. 60 ಮೀಟರ್ ದಾರ ನೀರಿನಲ್ಲಿರುವಾಗ ಬಲವಾಗಿ ಎಳೆದರೆ ನೈಲಾನ್ 12 ಮೀಟರುಗಳಷ್ಟು ಹಿಗ್ಗಬಹುದು. ಅಷ್ಟರಲ್ಲಿ ಮೀನು ಪಾಚಿಯನ್ನು ಸೇರಿರುತ್ತದೆ. ಹೆಣೆದ ದಾರವಾದರೋ ಎಳೆತವನ್ನು ಒಡನೆಯೇ ಮುಟ್ಟಿಸುತ್ತದೆ. ಬಿಗಿಯಾಗಿದ್ದಾಗ ಪಾಚಿಯ ಕಾಂಡವನ್ನೂ ಕೊಯ್ಯುತ್ತದೆ.

ಲೀಡರಿನ ಅಗತ್ಯ

ಹೀಗಿರುವಾಗ ಗಾಳವನ್ನು ಈ ದಾರಕ್ಕೇ ಕಟ್ಟಬಾರದೇಕೆ? ಅದರ ಒಂದೊಂದು ಎಳೆಯೂ ಅತಿ ಸೂಕ್ಷ್ಮವಾದುದರಿಂದ ಬಂಡೆಗೆ ಉಜ್ಜಿದರೆ ಎಳೆಗಳು ಒಂದೊಂದಾಗಿ ಹರಿದುಹೋಗುತ್ತವೆ. ಮೇಲಾಗಿ ಅದು ಅಪಾರದರ್ಶಕ. ಆದುದರಿಂದ ತುದಿಗೆ ಲೀಡರ್ ಎಂಬ ಬೇರೊಂದು ದಾರದ ತುಂಡನ್ನು ಸೇರಿಸುತ್ತಾರೆ. ಇದಕ್ಕೆ ಬಳಕೆಯಲ್ಲಿರುವುದು ಫ್ಲೋರೋಕಾರ್ಬನ್. ನೀರಿನ ವಕ್ರೀಭವನಾಂಕ 1.33, ಇದರದು 1.42, ನೈಲಾನಿನದು ಸುಮಾರು 1.53. ಎರಡು ವಸ್ತುಗಳ ವಕ್ರೀಭವನಾಂಕಗಳು ಸಮೀಪವಾದಷ್ಟೂ ಒಂದರೊಳಗೆ ಇನ್ನೊಂದು ಕಡಿಮೆ ಕಾಣುತ್ತದೆ. ಅದೃಶ್ಯವೇ ಆಗುತ್ತದೆಂದು ತಿಳಿಯಬಾರದು. ಇದರ ಸಾಪೇಕ್ಷ ಸಾಂದ್ರತೆ 1.78 ಆದುದರಿಂದ ನೀರಿನಲ್ಲಿ ಮುಳುಗುತ್ತದೆ. ಹೆಣೆದ ದಾರದ್ದು 0.97 ಮಾತ್ರ, ಅದು ತೇಲುತ್ತದೆ.

ಕುಳಿತೇ ಗಾಳ ಬೀಸಬೇಕಾದ ಕಯಾಕಿನಲ್ಲಿ ಒಂದೆರಡು ಮೀಟರ್ ಲೀಡರ್ ಅನುಕೂಲ. ಬಲದಲ್ಲಿ ಅದು ಮುಖ್ಯ ದಾರಕ್ಕಿಂತ ಕಡಿಮೆಯಿರಬೇಕು. 50 ಪೌಂಡಿನ ದಾರಕ್ಕೆ 30 ಪೌಂಡಿನ ಲೀಡರ್ ಕಟ್ಟಿದರೆ, ಗಾಳ ಬಂಡೆಗೆ ಸಿಕ್ಕಿಕೊಂಡಾಗ ಹರಿಯುವುದು ತುದಿಯ ತುಂಡು. ಇಲ್ಲವಾದರೆ ಕೊಳೆಯದ ನೂರಾರು ಅಡಿ ದಾರ ಕಡಲಿನಲ್ಲೇ ಉಳಿದು ಹಕ್ಕಿಗಳಿಗೂ ಸೀಲ್‌ಗಳಿಗೂ ಉರುಳಾದೀತು.

ಗಂಟು ಮತ್ತು ತಡೆ

ಪೆನ್ಸಿಲಿಗೆ ನೂಲನ್ನು ಒಂದು ಸುತ್ತು ಸುತ್ತಿ ಎಳೆದು ನೋಡಿ, ಜಾರುತ್ತದೆ. ಸುತ್ತುಗಳನ್ನು ಹೆಚ್ಚಿಸಿರಿ, ಹಿಡಿತ ಬಲುಬೇಗ ಹೆಚ್ಚುತ್ತದೆ. ಒಂದೊಂದು ಸುತ್ತೂ ಹಿಡಿತವನ್ನು ಕೂಡಿಸುವುದಲ್ಲ, ಗುಣಿಸುತ್ತದೆ. ಪಾಲಿಎಥಿಲೀನ್ ನುಣುಪಾದುದರಿಂದ ಸಾಧಾರಣ ಗಂಟು ಜಾರಿಹೋಗುತ್ತದೆ. ಎಫ್‌ಜಿ ಎಂಬ ಗಂಟಿನಲ್ಲಿ ಅದನ್ನು ಲೀಡರಿನ ಮೇಲೆ ಸುಮಾರು 20 ಸಲ ಅಡ್ಡಡ್ಡವಾಗಿ ಸುತ್ತುವುದರ ಮರ್ಮ ಇದೇ. ರೀಲಿನ ಬುಡದಲ್ಲಿ ಮೊದಲು ಕೆಲವು ಮೀಟರ್ ನೈಲಾನ್ ಸುತ್ತುವುದೂ ದಾರವು ಇಡಿಯಾಗಿ ಜಾರದಿರಲೆಂದೇ.

ರೀಲಿನ ಘರ್ಷಣ ತಡೆಯನ್ನು ಅತಿ ದುರ್ಬಲ ಭಾಗದ ಬಲದ ಮೂರನೆಯ ಒಂದು ಭಾಗವನ್ನು ಮೀರದಂತೆ ಇಡುವುದು ರೂಢಿ. 30 ಪೌಂಡಿನ ಲೀಡರಿಗೆ, ಅಂದರೆ 13.6 ಕಿಲೋಗ್ರಾಮಿಗೆ, 4 ಕಿಲೋಗ್ರಾಂ ಯುಕ್ತ. ಇನ್ನೂ ಹೆಚ್ಚೇಕೆ ಇಡಬಾರದು? ದಾರ ಬಿಚ್ಚಿಕೊಂಡಂತೆ ಸುರುಳಿಯ ತ್ರಿಜ್ಯ ಕುಗ್ಗುತ್ತದೆ. ತಡೆಯ ತಿರುಚುಬಲ ಒಂದೇ ಆಗಿರುವುದರಿಂದ, ತ್ರಿಜ್ಯ 3 ಸೆಂಟಿಮೀಟರಿನಿಂದ 2ಕ್ಕೆ ಇಳಿದರೆ 4 ಕಿಲೋಗ್ರಾಮಿನ ಎಳೆತ 6 ಆಗುತ್ತದೆ. ಗಂಟು ಕೂಡ ದಾರದ ಬಲವನ್ನು ಕೆಲಮಟ್ಟಿಗೆ ತಗ್ಗಿಸುತ್ತದೆ ಎಂಬುದನ್ನು ನೆನೆಯಬೇಕು.

ಕಯಾಕಿನಲ್ಲಿ ಈ ಲೆಕ್ಕ ಪ್ರಾಣದ ಪ್ರಶ್ನೆಯೂ ಹೌದು. ಹಗುರವಾದ ದೋಣಿಯನ್ನು ಮೀನು ಎಳೆದೊಯ್ಯುತ್ತದೆ. ಎಳೆತ ಮುಂತುದಿಯ ಕಡೆಗಿದ್ದರೆ ದೋಣಿ ಸುಮ್ಮನೆ ಸಾಗುತ್ತದೆ. ಪಕ್ಕಕ್ಕಿದ್ದು ತಡೆ ಬಿಗಿಯಾಗಿದ್ದರೆ ಮಗುಚಬಹುದು. ಹೆಣೆದ ದಾರವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಕೂಡದು; ಬೆರಳನ್ನು ಎಲುಬಿನವರೆಗೂ ಕೊಯ್ದೀತು. ಸಿಕ್ಕಿಕೊಂಡ ಗಾಳವನ್ನು ಎಳೆಯಬೇಕಾದರೆ ದಾರವನ್ನು ಮರದ ತುಂಡಿಗೆ ಸುತ್ತಿ ಎಳೆಯಬೇಕು. ಮೈಮೇಲೆ ತೇಲುಕವಚವೂ, ಅದರಲ್ಲಿ ಒಂದೇ ಕೈಗೆ ಸಿಗುವಂತೆ ಚಾಕುವೂ ಇರಬೇಕು. ದಾರವು ಎಷ್ಟೇ ಬೆಲೆಬಾಳಲಿ, ಕಾಲಿಗೋ ಕೈಗೋ ಸುತ್ತಿಕೊಂಡ ಕ್ಷಣದಲ್ಲಿ ಅದನ್ನು ಕೊಯ್ದು ಬಿಡುವುದೇ ಸರಿಯಾದ ಕೆಲಸ.