ಮನೆಯ ಲೆಕ್ಕ ಮನೆಯವರಿಗೆ ತಿಳಿದಿರಲಿ



ಮುಂದಿನ ವರ್ಷದ ಬಿತ್ತನೆಗೆ ಬೇಕಾದ ಬೀಜವನ್ನು ಒಣಗಿಸಿ, ಬೂದಿ ಬೆರೆಸಿ, ಮಡಕೆಯಲ್ಲಿ ತುಂಬಿ ಬಾಯಿ ಕಟ್ಟಿಡುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯ ಕಾಗದಪತ್ರಗಳ ವಿಷಯದಲ್ಲಿ ಇಷ್ಟು ಎಚ್ಚರಿಕೆ ನಮ್ಮ ಹಳ್ಳಿಗಳಲ್ಲಿ ಕಡಿಮೆ. ಜಮೀನಿನ ಸರ್ವೆ ನಂಬರು ಯಜಮಾನನ ಬಾಯಲ್ಲಿರುತ್ತದೆ, ಕೈಸಾಲದ ಲೆಕ್ಕ ಅವನ ನೆನಪಿನಲ್ಲಿರುತ್ತದೆ, ಒಡವೆ ಅಡವಿಟ್ಟ ಚೀಟಿ ಅವನ ಅಂಗಿಯ ಜೇಬಿನಲ್ಲಿರುತ್ತದೆ. ಅವನು ಗಟ್ಟಿಮುಟ್ಟಾಗಿರುವವರೆಗೆ ಎಲ್ಲವೂ ನಡೆಯುತ್ತದೆ. ಅವನು ಕಣ್ಣು ಮುಚ್ಚಿದ ಮೇಲೆ ಮನೆಯಾಕೆ ಯಾರನ್ನು ಕೇಳಬೇಕು? ಈ ಸಲದ ಪಾಠದಲ್ಲಿ ಆ ವಿಷಯವನ್ನು ವಿಚಾರ ಮಾಡೋಣ.

“ಬದುಕಿರುವಾಗಲೇ ಸಾವಿನ ಮಾತೇಕೆ, ಬಿಡ್ತು ಅನ್ನಿ” ಎಂದು ಹಿರಿಯರು ಗದರಿಸುವುದುಂಟು. ಅವರ ಮನಸ್ಸನ್ನು ನೋಯಿಸಬೇಕಾಗಿಲ್ಲ. ಇದನ್ನು ಮನೆಯ ಲೆಕ್ಕದ ಪುಸ್ತಕ ಎಂದು ಕರೆಯಿರಿ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ರೈತನ ಮನೆಯಲ್ಲೂ ಅಂಥ ಒಂದು ಪುಸ್ತಕ ಅಂದೇ ಆರಂಭವಾದರೆ ಅಶುಭವೇನೂ ಇಲ್ಲ.

ಹಿಂದೆ ಊರಿನಲ್ಲಿ ಶ್ಯಾನುಭೋಗರಿದ್ದರು. ಯಾರ ಹೊಲ ಎಲ್ಲಿಂದ ಎಲ್ಲಿಯವರೆಗೆ, ಯಾರು ಯಾರ ಮಗ ಎಂಬುದು ಅವರ ನಾಲಗೆಯ ತುದಿಯಲ್ಲಿರುತ್ತಿತ್ತು. (ಅದರಿಂದ ಅನುಕೂಲವೂ ಆಗಿದೆ, ಅನ್ಯಾಯವೂ ಆಗಿದೆ, ಆ ಮಾತು ಈಗ ಬೇಡ.) ವಂಶಪಾರಂಪರ್ಯದ ಗ್ರಾಮಾಧಿಕಾರಗಳು ೧೯೬೩ರಲ್ಲಿ ರದ್ದಾದವು. ಪಹಣಿಗಳು ಈಗ ಗಣಕಯಂತ್ರದಲ್ಲಿವೆ. ಆ ಯಂತ್ರಕ್ಕೆ ನಿಮ್ಮ ತಂದೆಯ ಹೆಸರು ಗೊತ್ತು, ತಂದೆ ತೀರಿಕೊಂಡದ್ದು ಗೊತ್ತಿಲ್ಲ. ಅದನ್ನು ಮನೆಯವರೇ ಹೋಗಿ ತಿಳಿಸಬೇಕು.

ಪುಸ್ತಕ ದೊಡ್ಡದಾಗಬೇಕಾಗಿಲ್ಲ. ಮಕ್ಕಳು ಶಾಲೆಗೆ ಒಯ್ಯುವ ನೂರು ಪುಟದ ನೋಟ್‌ಬುಕ್ಕು ಸಾಕು. ಬರೆಯಲು ಬಾರದವರು ಹೇಳಲಿ, ಮಗಳೋ ಸೊಸೆಯೋ ಬರೆದುಕೊಳ್ಳಲಿ. ಬರೆಯಲು ಬರುವವರೂ ಹೀಗೆ ಬರೆಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಬರೆಯುವ ಹೊತ್ತಿಗೆ ವಿಷಯವು ಮನೆಯ ಇನ್ನೊಬ್ಬರಿಗೆ ತಿಳಿದೇ ಬಿಡುತ್ತದೆ.

ಮೊದಲ ಪುಟಗಳು ಜಮೀನಿಗೆ ಮೀಸಲು. ಪ್ರತಿಯೊಂದು ಹೊಲದ ಸರ್ವೆ ನಂಬರು, ಹಿಸ್ಸಾ ನಂಬರು, ಎಕರೆ ಗುಂಟೆ, ಚಕ್ಕುಬಂದಿ, ಊರವರು ಆ ಹೊಲವನ್ನು ಕರೆಯುವ ಹೆಸರು ಇವನ್ನು ಬರೆಯಿರಿ. ಕ್ರಯಪತ್ರ, ಪಾಲುಪತ್ರ ಎಲ್ಲಿವೆ ಎಂಬುದನ್ನೂ ಬರೆಯಿರಿ. ಪಹಣಿಯ ಹೊಸ ಪ್ರತಿಯೊಂದನ್ನು ತಂದು ೯ನೆಯ ಕಾಲಂನಲ್ಲಿ ಯಾರ ಹೆಸರಿದೆ, ೧೧ನೆಯ ಕಾಲಂನಲ್ಲಿ ಯಾವ ಸಾಲ ನಮೂದಾಗಿದೆ ಎಂದು ಓದಿ ನೋಡಿ. ಸಾಲ ತೀರಿಸಿ ವರ್ಷಗಳು ಕಳೆದಿದ್ದರೂ ಬ್ಯಾಂಕಿನ ಹೆಸರು ಅಲ್ಲಿಯೇ ಕುಳಿತಿರುವುದುಂಟು. ತೀರುವಳಿ ಪತ್ರವನ್ನು ಕೊಟ್ಟು ಅದನ್ನು ತೆಗೆಸುವ ಕೆಲಸ ನಿಮ್ಮ ಕಾಲದಲ್ಲೇ ಆಗಲಿ. ೯ನೆಯ ಕಾಲಂನಲ್ಲಿ ಇನ್ನೂ ತಂದೆಯದೋ ಅಜ್ಜನದೋ ಹೆಸರಿದ್ದರೆ, ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಎರಡು ತಲೆಮಾರಿನ ಗಂಟನ್ನು ಮೂರನೆಯ ತಲೆಮಾರಿನವರು ಬಿಡಿಸಬೇಕಾದರೆ, ಗಂಡನ ಮನೆಗೆ ಹೋದ ಅತ್ತೆಯಂದಿರು, ಅವರ ಮಕ್ಕಳು, ಎಲ್ಲರ ಮನೆ ಬಾಗಿಲಿಗೂ ಅಲೆಯಬೇಕಾಗುತ್ತದೆ.

ಪಹಣಿಯಲ್ಲಿ ಕಾಣದ ಸಂಗತಿಗಳೂ ಬಹಳ ಇವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಮೂಡಣ ಭಾಗವನ್ನು ಒಬ್ಬ, ಪಡುವಣ ಭಾಗವನ್ನು ಒಬ್ಬ ಉಳುತ್ತಿರುತ್ತಾರೆ. ಪಹಣಿಯಲ್ಲಿ ಮಾತ್ರ ಜಂಟಿ ಹೆಸರು. ಬಾಂದು ಕಲ್ಲು ಯಾವ ಮರದ ಬುಡದಲ್ಲಿದೆ, ಗಾಡಿ ದಾರಿ ಯಾರ ಬದುವಿನ ಮೇಲೆ ಹೋಗುತ್ತದೆ, ಕೊಳವೆ ಬಾವಿಯಿಂದ ಬಂದ ಪೈಪು ಯಾರ ಹೊಲದ ಅಡಿಯಲ್ಲಿ ಹಾದಿದೆ, ಅದಕ್ಕೆ ಯಾರು ಒಪ್ಪಿದ್ದರು, ಪಂಪ್‌ಸೆಟ್ಟಿನ ಆರ್.ಆರ್. ನಂಬರು ಯಾರ ಹೆಸರಿನಲ್ಲಿದೆ, ಇವೆಲ್ಲ ಹೊಲ ಉಳುವವನಿಗೆ ಮಾತ್ರ ಗೊತ್ತಿರುತ್ತವೆ. ಒಂದು ಕೈನಕ್ಷೆ ಬರೆದು ಇವನ್ನು ಗುರುತು ಮಾಡಿ. ನಕ್ಷೆ ಅಂದವಾಗಿರಬೇಕಾಗಿಲ್ಲ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದರೆ, ಹಬ್ಬಕ್ಕೆ ಬಂದಾಗ ಅವನನ್ನೂ ಮಗಳನ್ನೂ ಕರೆದುಕೊಂಡು ಹೊಲದ ಸುತ್ತ ಒಮ್ಮೆ ನಡೆದು ಬನ್ನಿ. ಆದರೆ ಈ ಬರಹವೇ ಪಾಲುಪತ್ರವಾಗುವುದಿಲ್ಲ. ಪಾಲು ಗಟ್ಟಿಯಾಗಬೇಕಾದರೆ ಅಣ್ಣತಮ್ಮಂದಿರು ಸೇರಿ ಅಳತೆ ಮಾಡಿಸಿ ನೋಂದಣಿ ಮಾಡಿಸತಕ್ಕದ್ದು.

ಸಾಲದ ಪುಟ ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ಹೆಂಡತಿಗೆ ತಿಳಿಯದಂತೆ ಮಾಡಿದ ಕೈಸಾಲ ಯಾವ ಊರಿನಲ್ಲಿಲ್ಲ? ಇಂಥ ಒಂದು ಮನೆಯನ್ನು ಎಣಿಸಿಕೊಳ್ಳಿ. ಯಜಮಾನ ತೀರಿಕೊಂಡು ತಿಥಿಯ ಊಟ ಮುಗಿದಿದೆ. ಒಬ್ಬನು ಬಂದು ಜಗಲಿಯ ಮೇಲೆ ಕುಳಿತು, ನಲವತ್ತು ಸಾವಿರ ಬರಬೇಕಿತ್ತು ಎನ್ನುತ್ತಾನೆ. ಅದರಲ್ಲಿ ಮೂವತ್ತು ಸಾವಿರ ಸುಗ್ಗಿಯಲ್ಲಿಯೇ ಸಂದಾಯವಾಗಿತ್ತು. ಕೊಟ್ಟವನು ಈಗಿಲ್ಲ, ಪಡೆದವನು ಹೇಳುವುದಿಲ್ಲ. ಮನೆಯಾಕೆ ಮಾನಕ್ಕೆ ಅಂಜಿ ಕರೆಯುವ ಹಸುವನ್ನು ಮಾರಿ ಪೂರಾ ಹಣ ಕೊಡುತ್ತಾಳೆ. ಅವಳ ಗಂಡನಿಂದ ಹಣ ಪಡೆದಿದ್ದ ಇನ್ನೊಬ್ಬನು ಆ ದಾರಿಯಲ್ಲೇ ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಎರಡು ಸಾಲು ಬರೆದಿದ್ದರೆ ಹಸು ಕೊಟ್ಟಿಗೆಯಲ್ಲಿ ಉಳಿಯುತ್ತಿತ್ತು.

ಆದುದರಿಂದ ಯಾರಿಂದ, ಎಷ್ಟು, ಯಾವ ದಿನ, ಏನು ಬಡ್ಡಿ, ಎಷ್ಟು ತೀರಿದೆ, ಆಗ ಯಾರು ಎದುರಿಗಿದ್ದರು ಎಂದು ಬರೆಯಿರಿ. ನಿಮಗೆ ಬರಬೇಕಾದ ಹಣವನ್ನೂ ಹೀಗೆಯೇ ಬರೆಯಿರಿ. ಬೇಡಿದಾಗ ಕೊಡುವೆನೆಂದು ಬರೆದುಕೊಟ್ಟ ಪ್ರಾಮಿಸರಿ ನೋಟಿಗೆ ಅವಧಿ ಬರೆದ ದಿನದಿಂದ ೩ ವರ್ಷ. ಅಷ್ಟರೊಳಗೆ ಹಣವನ್ನಾಗಲಿ ಹೊಸ ಬರಹವನ್ನಾಗಲಿ ಪಡೆಯದಿದ್ದರೆ ನ್ಯಾಯಾಲಯದಲ್ಲಿ ದಾವೆ ನಿಲ್ಲುವುದು ಕಷ್ಟ. ಇನ್ನೊಂದು ಮಾತನ್ನು ನಿಮ್ಮ ಮನೆಯವರಿಗೆ ತಿಳಿಸಿಡಿ: ಸತ್ತವನ ಸಾಲಕ್ಕೆ ಅವನು ಬಿಟ್ಟುಹೋದ ಆಸ್ತಿ ಹೊಣೆ. ತಾವೇ ಸಾಲಪತ್ರಕ್ಕೆ ರುಜು ಹಾಕಿ ಜಾಮೀನು ನಿಂತಿರದಿದ್ದರೆ, ಹೆಂಡತಿಯೂ ಮಕ್ಕಳೂ ತಮ್ಮ ಸ್ವಂತ ದುಡಿಮೆಯಿಂದ ಅದನ್ನು ತೀರಿಸಲೇಬೇಕೆಂಬ ಕಾನೂನಿಲ್ಲ. ದುಃಖದ ಮನೆಗೆ ಬಂದು ಹೆದರಿಸುವವರ ಎದುರು ಈ ಮಾತು ತಿಳಿದಿರಬೇಕು. ಅಡವಿನ ಚೀಟಿಯನ್ನಂತೂ ಪುಸ್ತಕದ ಪುಟಕ್ಕೇ ಹೊಂದಿಸಿಡಿ. ವಾಯಿದೆ ಮೀರಿದರೆ ಒಡವೆ ಹರಾಜಿಗೆ ಹೋಗುತ್ತದೆ. ಸಹಕಾರ ಸಂಘದ ಬೆಳೆ ಸಾಲದ ಜೊತೆಗೆ ಅಲ್ಲಿ ನಿಮ್ಮ ಷೇರು ಹಣವೂ ಇರುವುದನ್ನು ಮರೆಯಬೇಡಿ.

ಬ್ಯಾಂಕು, ಅಂಚೆ ಕಚೇರಿ, ಜೀವವಿಮೆ ಇವುಗಳ ನಂಬರುಗಳನ್ನು ಒಂದು ಪುಟದಲ್ಲಿ ಬರೆದು, ಪ್ರತಿಯೊಂದಕ್ಕೂ ನಾಮಿನಿ ಯಾರೆಂದು ಕೇಳಿ ತಿಳಿಯಿರಿ. ಬ್ಯಾಂಕಿನ ಠೇವಣಿಗೆ ೨೦೨೫ರ ನವೆಂಬರ್‌ನಿಂದ ನಾಲ್ಕು ಜನರವರೆಗೆ ನಾಮಿನಿ ಮಾಡಲು ಅವಕಾಶವಿದೆ. ನಾಮಿನಿ ಎಂದರೆ ಹಣವನ್ನು ಕೈಗೆ ಪಡೆಯುವವನೇ ಹೊರತು, ಅಷ್ಟರಿಂದಲೇ ಅದರ ಒಡೆಯನಲ್ಲ. ವಾರಸುದಾರರ ಹಕ್ಕು ಹಾಗೆಯೇ ಇರುತ್ತದೆ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ ೪೩೬ ರೂಪಾಯಿ ಅಥವಾ ೨೦ ರೂಪಾಯಿ ಕಳೆದಿರುವುದನ್ನು ನೋಡಿದ್ದೀರಾ? ಮೊದಲನೆಯದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, ಎರಡನೆಯದು ಸುರಕ್ಷಾ ಅಪಘಾತ ವಿಮೆ. ಮೊದಲನೆಯದರಲ್ಲಿ ಮರಣಕ್ಕೆ, ಎರಡನೆಯದರಲ್ಲಿ ಅಪಘಾತದ ಮರಣಕ್ಕೆ ೨ ಲಕ್ಷ ರೂಪಾಯಿ ಉಂಟು. ಆದರೆ ಕೇಳದೆ ಯಾರೂ ಮನೆಗೆ ತಂದುಕೊಡುವುದಿಲ್ಲ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಜರ್ವ್ ಬ್ಯಾಂಕಿನ ನಿಧಿಗೆ ಸೇರುತ್ತದೆ. ಆಮೇಲೂ ವಾರಸುದಾರರು ತಮ್ಮ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು.

ಇನ್ನು ಆಸ್ತಿ ಯಾರಿಗೆ ಎಂಬ ಪ್ರಶ್ನೆ. ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು ೧೯೫೬ರಲ್ಲಿ. ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತವು ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರಿಗೆ ಸಮವಾಗಿ ಸೇರುತ್ತದೆ. ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕುಂಟೆಂದು ೨೦೦೫ರ ತಿದ್ದುಪಡಿ ಹೇಳಿತು. ೨೦೨೦ರಲ್ಲಿ ಸುಪ್ರೀಂ ಕೋರ್ಟು ಅದನ್ನು ಖಚಿತಗೊಳಿಸಿತು. ಮದುವೆಯಾಗಿ ಹೋದ ಮಗಳ ಹೆಸರನ್ನು ವಂಶವೃಕ್ಷದಿಂದ ಬಿಡುವುದು ತಪ್ಪು. ಮುಂದೆ ವ್ಯಾಜ್ಯಕ್ಕೆ ಅದೇ ಬೀಜವಾಗುತ್ತದೆ. ಮುಸ್ಲಿಮರಿಗೂ ಕ್ರೈಸ್ತರಿಗೂ ಬೇರೆ ನಿಯಮಗಳಿವೆ. ಹಿಂದೂಗಳು ಸ್ವಯಾರ್ಜಿತವನ್ನೂ, ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನೂ ಉಯಿಲಿನ ಮೂಲಕ ಕೊಡಬಹುದು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ರುಜು ಅಥವಾ ಹೆಬ್ಬೆಟ್ಟು, ಅದನ್ನು ಕಂಡ ಇಬ್ಬರು ಸಾಕ್ಷಿಗಳ ರುಜು ಅವಶ್ಯ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡದಿರುವುದು ಲೇಸು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಪುಸ್ತಕದ ಕೊನೆಯ ಪುಟದಲ್ಲಿ ಮನೆಯವರು ಮಾಡಬೇಕಾದ ಕೆಲಸಗಳನ್ನು ಬರೆದಿಡಿ. ಮರಣವನ್ನು ೨೧ ದಿನಗಳೊಳಗೆ ನೋಂದಾಯಿಸಿ ಪ್ರಮಾಣಪತ್ರದ ನಾಲ್ಕಾರು ಪ್ರತಿ ಪಡೆಯಬೇಕು. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಬೇಕು. ೧೯೬೪ರ ಭೂಕಂದಾಯ ಕಾಯಿದೆಯಂತೆ ವಾರಸು ವಿಷಯವನ್ನು ೩ ತಿಂಗಳೊಳಗೆ ತಿಳಿಸಿ ಖಾತೆಗೆ ಅರ್ಜಿ ಹಾಕಬೇಕು. ತೀರಿಕೊಂಡವರ ಮೊಬೈಲ್ ನಂಬರನ್ನು ಬ್ಯಾಂಕಿನ ಕೆಲಸ ಮುಗಿಯುವವರೆಗೆ ನಿಲ್ಲಿಸಬಾರದು. ಅವರ ಕಾರ್ಡಿನಿಂದ ಹಣ ತೆಗೆಯಲೂಬಾರದು. ಮುಂದೆ ಅಣ್ಣತಮ್ಮಂದಿರ ನಡುವೆ ಅನುಮಾನ ಹುಟ್ಟುವುದು ಅಲ್ಲಿಂದಲೇ.

ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈ ಎಲ್ಲಿದೆ ಎಂಬುದನ್ನು ಮನೆಯಾಕೆಗೂ ಇನ್ನೊಬ್ಬರಿಗೂ ತಿಳಿಸಿ. ಕಾರ್ಡಿನ ಗುಪ್ತ ಸಂಖ್ಯೆಯನ್ನು ಅದರಲ್ಲಿ ಬರೆಯಬೇಡಿ. ಪ್ರತಿ ಪುಟದ ಮೇಲೂ ಬರೆದ ದಿನಾಂಕವಿರಲಿ. ಸಾಲ ತೀರಿದಾಗ, ಹೊಲ ಕೊಂಡಾಗ ಹಳೆಯ ಪುಟವನ್ನು ಹರಿಯದೆ, ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ.