ದುಡಿಯುವ ತಾಯಿಯೂ ಎದೆಹಾಲೂ



ಹೆರಿಗೆಗೆಂದು ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಗೆ ಹೋಗಿಬಂದವರು ಅಲ್ಲಿ ಹಗಲಿರುಳೆನ್ನದೆ ದುಡಿಯುವ ತರುಣ ವೈದ್ಯೆಯರನ್ನು ಕಂಡಿರುತ್ತೀರಿ. ಎಂ.ಬಿ.ಬಿ.ಎಸ್. ಮುಗಿಸಿ ಮೂರು ವರ್ಷಗಳ ಉನ್ನತ ತರಬೇತಿಯಲ್ಲಿರುವವರೂ ಅವರಲ್ಲಿದ್ದಾರೆ. ಮದುವೆ, ಹೆರಿಗೆಗಳು ಒದಗಿಬರುವ ವಯಸ್ಸೂ ಅದೇ. ಅಂತಹ ಒಬ್ಬಾಕೆ ಉರ್ವದಲ್ಲಿ ಬಾಡಿಗೆ ಮನೆ ಹಿಡಿದಿರುವಳೆಂದು ಭಾವಿಸಿರಿ. ನಾಲ್ಕು ತಿಂಗಳ ಕೂಸನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು, ಲೇಡಿಹಿಲ್, ಲಾಲ್‌ಬಾಗ್ ದಾಟಿ ಆಸ್ಪತ್ರೆಗೆ ಬರುವುದು ದೂರದ ಪ್ರಯಾಣವೇನೂ ಅಲ್ಲ. ಆದರೆ ರಾತ್ರಿಪಾಳಿಗೆ ನಿಂತ ಮೇಲೆ ಬೆಳಗಾಗುವವರೆಗೆ ಆ ದಾರಿ ಅವಳಿಗೆ ಮುಚ್ಚಿದಂತೆಯೇ. ಆರು ತಿಂಗಳು ತುಂಬುವವರೆಗೆ ಶಿಶುವಿಗೆ ಎದೆಹಾಲಲ್ಲದೆ ನೀರು ಸಹ ಬೇಡವೆಂದು ನಿಮಗೆ ತಿಳಿಹೇಳುವವಳು ಅವಳೇ. ಎಲ್ಲವನ್ನೂ ಬಲ್ಲ ಅವಳಿಗೂ ಬಿಡುವು, ನೆರವುಗಳಿಲ್ಲದಿದ್ದರೆ ಹಾಲು ಬತ್ತೀತು.

ಎದೆಯ ಹಾಲು ಕೊಡದಲ್ಲಿ ತುಂಬಿಟ್ಟ ನೀರಿನಂತಲ್ಲ. ಕೂಸು ಚೀಪಿದಷ್ಟೂ, ಹಿಂಡಿ ತೆಗೆದಷ್ಟೂ ಹೊಸದಾಗಿ ಊರುತ್ತದೆ. ಬಹಳ ಹೊತ್ತು ಕಟ್ಟಿ ನಿಂತರೆ ಉತ್ಪತ್ತಿ ತಗ್ಗುತ್ತದೆ. ಎದೆ ಬಾತು ಜ್ವರವೂ ಬರಬಹುದು. ನಾಟಿಗೆ ಹೋಗುವ, ಅಡಿಕೆ ಸುಲಿಯುವ, ಮೀನಿನ ಬುಟ್ಟಿ ಹೊತ್ತು ಪೇಟೆಗೆ ನಡೆಯುವ ತಾಯಿಗೂ ಇದೇ ನಿಯಮ. "ಇವಳಿಗೆ ಹಾಲಿಲ್ಲ" ಎಂದು ಮನೆಯ ಹಿರಿಯರು ಆಡುವ ಮುನ್ನ, ಎಷ್ಟು ಹೊತ್ತಿಗೊಮ್ಮೆ ಊಡಿಸಲು ಅವಳಿಗೆ ಬಿಡುವು ದೊರೆಯಿತೆಂದು ಯೋಚಿಸಲಿ.

1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಾದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯನ್ನು ವಿಧಿಸಿತು. ವೈದ್ಯಕೀಯ ತರಬೇತಿಯವರಿಗೂ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನಿಯಮಗಳಲ್ಲಿ ಹೆರಿಗೆ ರಜೆಯನ್ನು ಹೇಳಿತು. ಮಿತಿಮೀರಿದ ರಜೆಯಷ್ಟು ದಿನ ತರಬೇತಿ ಮುಂದಕ್ಕೆ ಹೋಗುತ್ತದೆ. ಗದ್ದೆಯ ಕೂಲಿಯಾಳಿಗೆ ರಜೆ ಕೊಡಬೇಕಾದವರು ಬಹುಮಟ್ಟಿಗೆ ಮನೆಯವರೇ.

ಕೂಸನ್ನು ಬಿಟ್ಟು ಹೋಗಲೇಬೇಕಾದಲ್ಲಿ ಹಾಲನ್ನು ಹಿಂಡಿ ಇಡುವುದು ಉತ್ತಮ. ಸಾಬೂನಿನಿಂದ ಕೈ ತೊಳೆದು, ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದ ಹಿಂದೆ ಹೆಬ್ಬೆರಳನ್ನೂ ಬೆರಳುಗಳನ್ನೂ ಇರಿಸಿ, ಎದೆಯತ್ತ ಒತ್ತಿ ಹಿಂಡಬೇಕು. ತೊಟ್ಟನ್ನೇ ಹಿಡಿದೆಳೆದರೆ ನೋವಾಗುವುದೇ ಹೊರತು ಹಾಲು ಬಾರದು. ಕುದಿಸಿ ತೆಗೆದ ಸ್ಟೀಲಿನ ಲೋಟದಲ್ಲಿ ಹಿಡಿದು ಮುಚ್ಚಿಡಿರಿ. ಕರಾವಳಿಯ ಸೆಕೆಯಲ್ಲಿ ನಾಲ್ಕು ಗಂಟೆಯೊಳಗೆ ಕುಡಿಸಿರಿ. ಫ್ರಿಜ್ ಇದ್ದಲ್ಲಿ 24 ಗಂಟೆ ಇಡಬಹುದು. ಕೆನೆ ಬೇರ್ಪಟ್ಟರೆ ಹಾಲು ಕೆಟ್ಟಿತೆಂದು ಚೆಲ್ಲಬೇಡಿರಿ, ಮೆಲ್ಲನೆ ಅಲುಗಿಸಿದರೆ ಕೂಡಿಕೊಳ್ಳುತ್ತದೆ. ತಣ್ಣಗಿದ್ದರೆ ಬಿಸಿನೀರಿನಲ್ಲಿ ಲೋಟವನ್ನಿಟ್ಟು ಬೆಚ್ಚಗೆ ಮಾಡಿರಿ. ಒಲೆಯ ಮೇಲೆ ಕಾಯಿಸಕೂಡದು. ಬಾಟಲಿ ಬೇಡ, ನಮ್ಮ ಅಜ್ಜಿಯರ ಒಳಲೆಯೇ ಲೇಸು, ಚೆನ್ನಾಗಿ ತೊಳೆದು ಕುದಿಸಿದ್ದಾದರೆ. ಕೆಲಸದ ಸ್ಥಳದಲ್ಲಿಯೂ ತಾಯಿ ಮೂರು ಗಂಟೆಗೊಮ್ಮೆ ಹಿಂಡಬೇಕು. ವೈದ್ಯೆಗಾದರೆ ಚಿಲಕವಿರುವ ಕೋಣೆಯೊಂದು, ಅಷ್ಟು ಹೊತ್ತು ಅವಳ ರೋಗಿಗಳನ್ನು ನೋಡಿಕೊಳ್ಳುವ ಸಹೋದ್ಯೋಗಿಯೊಬ್ಬರು ಬೇಕು. ಇಪ್ಪತ್ತು ನಿಮಿಷ ಆಕೆ ಕಾಣದಿದ್ದು ಇನ್ನೊಬ್ಬ ವೈದ್ಯರು ಬಳಿಯಿದ್ದರೆ, ವಾರ್ಡಿನ ಹೊರಗೆ ಕಾಯುವವರು ಗೊಣಗದಿರುವುದೂ ಒಂದು ನೆರವೇ.

ಮನೆಯಲ್ಲಿ ಪತಿಯ ಪಾಲು ದೊಡ್ಡದು. ರಾತ್ರಿ ಊಡಿಸಿದರೆ ಹಾಲು ಹೆಚ್ಚುತ್ತದೆ. ಆದುದರಿಂದ ರಾತ್ರಿ ಕೂಸನ್ನು ಎತ್ತಿ ಕೊಡುವುದು, ಬಟ್ಟೆ ಬದಲಿಸುವುದು, ಬೆಳಗ್ಗೆ ನೀರು ಸೇದಿ ಅಡಿಗೆಗೆ ಕೈಹಾಕುವುದು ಗಂಡಸಿಗೆ ಅವಮಾನವಲ್ಲ. ಮನೆಯಲ್ಲಿ ಬೀಡಿ ಕಟ್ಟುವ ತಾಯಿಯು ಕೈ ತೊಳೆದು, ಸೀರೆಯ ತಂಬಾಕಿನ ಪುಡಿ ಕೊಡವಿ ಕೂಸನ್ನೆತ್ತಿಕೊಳ್ಳಲಿ.

ಇನ್ನೊಂದು ಮಾತು. ಹಾಲೂಡಿಸುವಾಗ ಗರ್ಭ ನಿಲ್ಲದೆಂಬ ನಂಬಿಕೆ ಪೂರ್ಣ ಸತ್ಯವಲ್ಲ. ಮುಟ್ಟು ಮರಳಿರಬಾರದು, ಮಗುವಿಗೆ ಆರು ತಿಂಗಳು ಮೀರಿರಬಾರದು, ಹಗಲು ನಾಲ್ಕು, ರಾತ್ರಿ ಆರು ಗಂಟೆಗಿಂತ ಹೆಚ್ಚು ಅಂತರವಿಲ್ಲದೆ ಎದೆಹಾಲನ್ನಷ್ಟೇ ಊಡಿಸುತ್ತಿರಬೇಕು. ದುಡಿಯಲು ಹೊರಗೆ ಹೋಗುವವಳಿಗೆ ಈ ಅಂತರ ಕೂಡಿಬರುವುದು ಕಷ್ಟ. ಮಾಲಾ-ಎನ್ ಗುಳಿಗೆ ಹಾಲನ್ನು ತಗ್ಗಿಸಬಹುದಾದ್ದರಿಂದ ಮೊದಲ ಆರು ತಿಂಗಳು ಬೇಡ. ನಿರೋಧ್, ಕಾಪರ್-ಟಿ, ಛಾಯಾ ಗುಳಿಗೆಗಳಿಂದ ಹಾಲಿಗೆ ಬಾಧೆಯಿಲ್ಲ. ಅಂತರಾ ಚುಚ್ಚುಮದ್ದನ್ನು ಆರು ವಾರಗಳ ಬಳಿಕ ಪಡೆಯಬಹುದು. ಆರನೆಯ ವಾರದ ಲಸಿಕೆಗೆ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವ ದಿನ ಪತಿಯೂ ಜೊತೆಗೆ ಹೋಗಿ, ಯಾವುದು ತಮಗೆ ಹೊಂದುವುದೆಂದು ಇಬ್ಬರೂ ಕೂಡಿ ವಿಚಾರಿಸಿರಿ.