ಊರಿನ ರೇಷ್ಮೆ, ಊರವರಿಗೆ ಕೆಲಸ



ರಾಗಿಯ ಕೊಯ್ಲು ಮುಗಿದು ಒಕ್ಕಣೆಯಾಯಿತೆಂದರೆ, ಮಳೆಯನ್ನೇ ನಂಬಿದ ಊರುಗಳಲ್ಲಿ ಕೆಲಸ ನಿಲ್ಲುತ್ತದೆ. ಜಮೀನಿಲ್ಲದ ಮನೆಯವರು ಕಟ್ಟಡದ ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೋದವರಲ್ಲಿ ಅನೇಕರು ಹಬ್ಬಕ್ಕೆ ಮಾತ್ರ ಮರಳುತ್ತಾರೆ. ಮುಂದೆ ನಾಟಿಯ ಕಾಲಕ್ಕೆ ಆಳು ಸಿಗಲಿಲ್ಲವೆಂದು ನಾವೇ ದೂರುತ್ತೇವೆ. ವರ್ಷದಲ್ಲಿ ನಾಲ್ಕೇ ತಿಂಗಳು ಕೆಲಸ ಕೊಡುವ ಊರಿನಲ್ಲಿ ಜನ ಹನ್ನೆರಡು ತಿಂಗಳು ಹೇಗೆ ಉಳಿದಾರು?

ಸಾಲ ತಂದು ಕಾರ್ಖಾನೆ ಕಟ್ಟಿದರೆ ಮಾತ್ರ ಉದ್ಯೋಗವೆಂದು ತಿಳಿಯಬೇಕಾಗಿಲ್ಲ. ಬೆಳೆಯ ಹಿಂದೆಯೂ ಮುಂದೆಯೂ ಇರುವ ಕೆಲಸಗಳನ್ನು ಎಣಿಸಿ, ಅವನ್ನು ಊರಿನಲ್ಲೇ ಉಳಿಸಿಕೊಂಡರೆ ಅದೂ ಉದ್ಯೋಗವೇ. ಟಿಪ್ಪು ಸುಲ್ತಾನನ ಕಾಲದಿಂದಲೂ ನಮ್ಮ ಸೀಮೆಗೆ ಪರಿಚಿತವಾದ ರೇಷ್ಮೆಯನ್ನು ತೆಗೆದುಕೊಂಡು ಈ ಲೆಕ್ಕವನ್ನು ನೋಡೋಣ.

ಒಂದು ಬೆಳೆಯಲ್ಲಿ ಎಷ್ಟು ಕೆಲಸ?

ಹಿಪ್ಪುನೇರಳೆಯನ್ನು ಒಮ್ಮೆ ನಾಟಿ ಮಾಡಿ ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ನೀರಿನ ಅನುಕೂಲವಿದ್ದರೆ ವರ್ಷಕ್ಕೆ 5 ಬೆಳೆ ತೆಗೆಯಬಹುದು. ರಾಗಿಯ ಹಾಗೆ ವರ್ಷಕ್ಕೊಮ್ಮೆ ಬಂದು ಹೋಗುವ ಕೆಲಸ ಇದಲ್ಲ.

ನಾವು ‘ನೂರು ಮೊಟ್ಟೆ’ ಎಂದಾಗ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ಗುಂಪುಗಳೆಂದು ಅರ್ಥ. ಅದರಿಂದ 40 ರಿಂದ 50 ಸಾವಿರ ಹುಳು ಹೊರಬರುತ್ತವೆ. ಇವುಗಳ ಹೊಟ್ಟೆಗೆ ಸುಮಾರು 1 ಟನ್ ಸೊಪ್ಪು ಬೇಕು. ಬೆಳೆ ಚೆನ್ನಾದರೆ 60 ಕಿಲೋ ಆಸುಪಾಸು ಗೂಡು ಕೈಸೇರುತ್ತದೆ.

ಈಗ ಒಂದು ಮುಖ್ಯ ಸಂಗತಿಯನ್ನು ಗಮನಿಸಿರಿ. ಹುಳು ನಾಲ್ಕು ಸಲ ಜ್ವರಕ್ಕೆ ಕುಳಿತು ಏಳುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲೆ, ಕೊನೆಯ ಒಂದು ವಾರದಲ್ಲಿ, ಒಟ್ಟು ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ತಿನ್ನುತ್ತದೆ. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಎಲ್ಲವೂ ಅದೇ ವಾರದಲ್ಲಿ. ಮನೆಮಂದಿಯಿಂದ ಆಗದ ಕೆಲಸವೂ ಅದೇ.

ಸರದಿಯಿಂದ ಎಲ್ಲರಿಗೂ ಕೆಲಸ

ಒಂದು ಊರಿನಲ್ಲಿ 12 ಮನೆಯವರು ಹುಳು ಸಾಕುತ್ತಾರೆಂದು ಇಟ್ಟುಕೊಳ್ಳಿರಿ. ಕೊನೆಯ ವಾರದಲ್ಲಿ ಪ್ರತಿ ಮನೆಗೂ 4 ಆಳು ಬೇಕು. ಎಲ್ಲರೂ ಒಂದೇ ದಿನ ಹುಳು ತಂದರೆ ಒಂದೇ ವಾರಕ್ಕೆ 48 ಆಳು ಬೇಕಾಗುತ್ತದೆ. ಊರಿನಲ್ಲಿ ಅಷ್ಟು ಜನರಿಲ್ಲ. ಕೂಲಿ ಏರುತ್ತದೆ, ಹೊರಗಿನಿಂದ ಆಟೋದಲ್ಲಿ ಜನರನ್ನು ಕರೆತರಬೇಕಾಗುತ್ತದೆ. ಮುಂದಿನ ವಾರ ಒಬ್ಬರಿಗೂ ಕೆಲಸವಿಲ್ಲ.

ಅದೇ 12 ಮನೆಯವರು ನಾಲ್ಕು ನಾಲ್ಕರಂತೆ ಮೂರು ಗುಂಪಾಗಿ, 20 ದಿನಗಳ ಅಂತರದಲ್ಲಿ ಹುಳು ತಂದರೆ ಏನಾಗುತ್ತದೆ? ಪ್ರತಿ ಸರದಿಗೆ 16 ಆಳು ಸಾಕು. ಅದೇ 16 ಜನರಿಗೆ ಒಂದು ವಾರದ ಬದಲು ಮೂರು ವಾರ ಕೆಲಸ ಸಿಗುತ್ತದೆ. ರೈತನಿಗೆ ಆಳಿನ ಪರದಾಟ ತಪ್ಪುತ್ತದೆ, ಕೂಲಿಯವನಿಗೆ ಬಸ್ಸಿನ ದಾರಿ ತಪ್ಪುತ್ತದೆ. ಇದಕ್ಕೆ ಹೊಸ ಬಂಡವಾಳ ಬೇಕಾಗಿಲ್ಲ, ಊರಿನವರು ಕುಳಿತು ಮಾತನಾಡಿಕೊಳ್ಳಬೇಕು, ಅಷ್ಟೆ.

ಆದರೆ ಸರದಿಯಲ್ಲಿ ಒಂದು ಅಪಾಯವೂ ಉಂಟು. 1980ರಲ್ಲಿ ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಊಜಿ ನೊಣವು ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರುತ್ತದೆ. ಊರಿನಲ್ಲಿ ಸದಾ ಹುಳುವಿದ್ದರೆ ಅದಕ್ಕೆ ಸದಾ ಆಹಾರ. ಆದ್ದರಿಂದ ಕಿಟಕಿ ಬಾಗಿಲಿಗೆ ನೈಲಾನ್ ಬಲೆ ಕಟ್ಟತಕ್ಕದ್ದು. ಗೂಡಿನಿಂದ ಉದುರಿದ ಊಜಿಯ ಮರಿಹುಳುಗಳನ್ನು ಗುಡಿಸಿ ನಾಶಮಾಡತಕ್ಕದ್ದು. ಒಂದು ಬೆಳೆ ಎತ್ತಿದ ಮೇಲೆ, 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ ಮತ್ತು 300 ಗ್ರಾಂ ಅರಳಿದ ಸುಣ್ಣ ಬೆರೆಸಿ ಹುಳುಮನೆಯನ್ನೂ ಸಲಕರಣೆಗಳನ್ನೂ ತೊಳೆದು, ಮನೆಗೆ ಬಿಡುವು ಕೊಡಬೇಕು. ಒಂದು ಮನೆಯವರು ಉದಾಸೀನ ಮಾಡಿದರೂ ನಷ್ಟ ಎಲ್ಲರಿಗೂ ತಟ್ಟುತ್ತದೆ. ಸರದಿಯನ್ನು ಗೊತ್ತುಮಾಡುವ ಮೊದಲು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದವರನ್ನು ಕರೆದು ಕೇಳಿರಿ.

ಜಮೀನಿಲ್ಲದವರಿಗೂ ಕಸುಬು

ತೋಟವಿದ್ದವರಿಗಷ್ಟೇ ರೇಷ್ಮೆ ಎಂಬ ಮಾತು ಸರಿಯಲ್ಲ. ಈ ಕೆಲಸಗಳನ್ನು ನೋಡಿರಿ:

1. ನರ್ಸರಿ: ಹಿಪ್ಪುನೇರಳೆ ಕಡ್ಡಿ ನೆಟ್ಟು, ಮೂರು ನಾಲ್ಕು ತಿಂಗಳು ಬೆಳೆಸಿ ಸಸಿ ಮಾರುವುದು. ಇದಕ್ಕೆ ಕೆಲವು ಗುಂಟೆ ಜಾಗ ಸಾಕು.

2. ಚಾಕಿ ಕೇಂದ್ರ: ಎರಡನೆಯ ಜ್ವರದವರೆಗೆ ಹುಳು ಸಾಕಿ ರೈತರಿಗೆ ಕೊಡುವುದು. ಎಳೆಯ ಹುಳುವಿಗೆ 26 ರಿಂದ 28 ಡಿಗ್ರಿ ಶಾಖ, ಹೆಚ್ಚು ತೇವ, ಎಳೆ ಸೊಪ್ಪು ಬೇಕು. ತರಬೇತಿ ಪಡೆದ ಯುವಕ ಯುವತಿಯರು ಇದನ್ನು ನಡೆಸಬಲ್ಲರು.

3. ಚಂದ್ರಿಕೆ: ಬಿದಿರಿನಲ್ಲಿ ಹೆಣೆಯುವುದು, ದುರಸ್ತಿ ಮಾಡುವುದು, ಬಾಡಿಗೆಗೆ ಕೊಡುವುದು. ಊರಿನಲ್ಲಿ ಮೇದಾರರಿದ್ದರೆ ಮೊದಲು ಅವರನ್ನು ಕೇಳಿರಿ.

4. ನೂಲು ಬಿಚ್ಚುವುದು: ಸುಮಾರು 7 ಕಿಲೋ ಒಳ್ಳೆಯ ಗೂಡಿನಿಂದ 1 ಕಿಲೋ ಕಚ್ಚಾ ರೇಷ್ಮೆ ಬರುತ್ತದೆ. ಶಿಡ್ಲಘಟ್ಟದಲ್ಲಿಯೂ ರಾಮನಗರದಲ್ಲಿಯೂ ಎಷ್ಟೋ ಕುಟುಂಬಗಳು ಇದನ್ನೇ ನಂಬಿವೆ. ಆದರೆ ಇದಕ್ಕೆ ಬಂಡವಾಳ, ಒಳ್ಳೆಯ ನೀರು, ಉರುವಲು, ಇಲಾಖೆಯ ಲೈಸೆನ್ಸ್ ಎಲ್ಲವೂ ಬೇಕು. ಇದನ್ನು ಕೊನೆಯ ಮೆಟ್ಟಿಲಾಗಿ ಇಟ್ಟುಕೊಳ್ಳಿರಿ.

5. ಉಳಿಕೆಯಿಂದ ಕೆಲಸ: ನೂಲಿಗೆ ಬಾರದ, ತೂತು ಬಿದ್ದ ಗೂಡಿನಿಂದ ಹಾರ, ಅಲಂಕಾರದ ವಸ್ತುಗಳನ್ನು ಮಾಡಬಹುದು. ಸ್ತ್ರೀಶಕ್ತಿ ಸಂಘಗಳಿಗೆ ಇದು ಒಪ್ಪುವ ಕೆಲಸ. ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪು ಒಳ್ಳೆಯ ಗೊಬ್ಬರವಾಗುತ್ತದೆ.

ಮರೆಯಬಾರದ ಮಾತುಗಳು

ಗೂಡಿನ ಬೆಲೆ ಏರುತ್ತದೆ, ಇಳಿಯುತ್ತದೆ. ಇದ್ದ ಜಮೀನನ್ನೆಲ್ಲ ಹಿಪ್ಪುನೇರಳೆಗೆ ಹಾಕಿ, ಸಾಲ ಮಾಡಿ ದೊಡ್ಡ ಹುಳುಮನೆ ಕಟ್ಟಬೇಡಿರಿ. ಮನೆಯ ರಾಗಿಗೂ ದನದ ಮೇವಿಗೂ ನೆಲವಿರಲಿ.

ಹುಳುಮನೆಯಲ್ಲಿ ಹೆಚ್ಚಿನ ದುಡಿಮೆ ಹೆಂಗಸರದು. ಕೂಲಿಗೆ ಬಂದ ತಾಯಂದಿರಿಗೆ ಗಂಡಸರಷ್ಟೇ ಕೂಲಿಯನ್ನು, ವಾರ ತಳ್ಳದೆ, ಅವರ ಕೈಗೇ ಕೊಡತಕ್ಕದ್ದು. ಮನೆಯ ಹೆಂಗಸರು ದುಡಿದ ಬೆಳೆಯ ಹಣದಲ್ಲಿ ಅವರ ಹೆಸರಿನ ಖಾತೆಗೂ ಒಂದು ಪಾಲು ಸೇರಲಿ. ಮಕ್ಕಳನ್ನು ಶಾಲೆ ಬಿಡಿಸಿ ಸೊಪ್ಪು ಹೊರಿಸಿದರೆ ಅದು ಉದ್ಯೋಗವಲ್ಲ, ಆ ಮಗುವಿನ ನಾಳೆಯ ಉದ್ಯೋಗವನ್ನು ಇಂದೇ ಕಳೆದಂತೆ.

ನೀವು ಇಂದು ಮಾಡಬಹುದಾದ ಕೆಲಸ ಇಷ್ಟೆ. ಊರಿನಲ್ಲಿ ಹುಳು ಸಾಕುವ ಮನೆಗಳೆಷ್ಟು, ಕೆಲಸ ಬೇಕಾದ ಕೈಗಳೆಷ್ಟು, ಒಂದು ಹಾಳೆಯಲ್ಲಿ ಬರೆಯಿರಿ. ಮುಂದಿನ ಗ್ರಾಮಸಭೆಗೆ ಆ ಹಾಳೆಯನ್ನು ತನ್ನಿರಿ.

ಕೂಡಿ ಚರ್ಚಿಸಲು ಪ್ರಶ್ನೆಗಳು

1. ನಮ್ಮೂರಿನಿಂದ ಕೆಲಸಕ್ಕಾಗಿ ಹೊರಗೆ ಹೋಗುವವರು ಯಾರು? ಯಾವ ತಿಂಗಳುಗಳಲ್ಲಿ?

2. ಹುಳು ಸಾಕುವ ಮನೆಗಳು ಸರದಿಗೆ ಒಪ್ಪಬಲ್ಲವೇ? ಮೊದಲ ಸರದಿ ಯಾರದು?

3. ಸಸಿ, ಚಾಕಿ, ಚಂದ್ರಿಕೆ, ಇವುಗಳಲ್ಲಿ ಯಾವುದಕ್ಕೆ ಹೊರಗೆ ಹಣ ಕೊಡುತ್ತಿದ್ದೇವೆ? ಅದನ್ನು ಇಲ್ಲೇ ಮಾಡಬಲ್ಲವರು ಯಾರು?

4. ರೇಷ್ಮೆಯಿಲ್ಲದ ಊರಾದರೆ, ತೆಂಗು, ಹಾಲು, ಹುಣಸೆ, ಇವುಗಳಲ್ಲಿ ಯಾವುದನ್ನು ಕೆಲಸ ಉಳಿದಿರುವಾಗಲೇ ಮಾರಿಬಿಡುತ್ತಿದ್ದೇವೆ?